ಮುಂದಿನ ಕೋಣೆ

“ಪರದೆ ಹಸಿರಾ ನೀಲಿನಾ, ಅದೊಂದು ಹೇಳಿಬಿಡಿ” ಎಂದು ಅಲಂಕಾರದವನು ಕೇಳಿದಾಗ ದೊಡ್ಡವಳು ಪಿನ್ನಿನ ಡಬ್ಬಿ ಹುಡುಕುತ್ತಿದ್ದಳು. ಮೇಲಿನ ಕೋಣೆಯಲ್ಲಿ ತಂಗಿಗೆ ಸಿಂಗಾರ ನಡೆದಿತ್ತು, ಪಿನ್ನು ಸಾಲದೆಂದು ಅಮ್ಮ ಅವಳನ್ನು ಕೆಳಗೆ ಮದುವೆಯ ಹಾಲಿಗೆ ಅಟ್ಟಿದ್ದಳು. ಹಾಲು ತುಂಬ ಒಣಹುಲ್ಲಿನ ಬಣ್ಣ. ಕಂಬಗಳಿಗೆ ಉದ್ದುದ್ದ ಒಣಗರಿ, ಮೇಜುಗಳ ಮೇಲೆ ಬಾಡಿದವೋ ಬಾಡಿದಂತೆ ಬಣ್ಣ ಹಚ್ಚಿದವೋ ತಿಳಿಯದ ಹೂಗಳು, ಕುರ್ಚಿಗೊಂದು ಹೆಸರಿನ ಚೀಟಿ. ಚಿಕ್ಕಂದಿನಲ್ಲಿ ಅವಳೂ ತಂಗಿಯೂ ನೋಡಿದ ಮದುವೆಗಳಲ್ಲಿ ಕೆಂಪು ಮಖಮಲ್ಲಿನ ಸಿಂಹಾಸನಗಳಿರುತ್ತಿದ್ದವು. ಅವುಗಳ ಬೆನ್ನ ಹಿಂದೆ ಅಡಗಿ ಕೂತರೆ ಪ್ಲೈವುಡ್ಡಿನ ಮೊಳೆ ಬಟ್ಟೆ ಹರಿಯುತ್ತಿತ್ತು. ಆ ಸಿಂಹಾಸನಗಳೆಲ್ಲ ಎಲ್ಲಿ ಹೋದವೆಂದು ಸುಮ್ಮನೆ ಕೇಳಿದ್ದಕ್ಕೆ ಅಲಂಕಾರದವನು, ತನ್ನವನ್ನು ನಾಟಕದವರಿಗೆ ಮಾರಿಬಿಟ್ಟೆನೆಂದೂ ಕೊರೊನಾ ಬಂದು ಹೋದ ಮೇಲೆ ಚಿನ್ನದ ಬಣ್ಣ ಕೇಳುವವರೇ ಇಲ್ಲವೆಂದೂ ಹೇಳಿದ್ದ. “ಈಗ ಎಲ್ಲರಿಗೂ ಮನೆ ಥರ ಬೇಕು ಮೇಡಂ. ಮನೇಲೇ ಮಾಡಿದ ಹಾಗಿರಬೇಕು, ಆದ್ರೆ ಮನೆ ಆಗಿರಬಾರದು.” ಹಾಗೆಂದವನು ಕೊರಳಿನ ಟೇಪು ಸರಿಮಾಡಿಕೊಂಡು, ಹಾಲಿನ ಮೂಲೆಯಲ್ಲಿ ಬಿಳಿ ಬಟ್ಟೆ ಇಳಿಬಿಟ್ಟಿದ್ದ ಜಾಗದ ಕಡೆ ಕೈ ತೋರಿಸಿ ಪರದೆಯ ಬಣ್ಣ ಕೇಳಿದ. ಕೈಯಲ್ಲೊಂದು ಚಿತ್ರವಿತ್ತು, ಫೋನಿನ ವಿಡಿಯೋದಿಂದ ತೆಗೆದು ದೊಡ್ಡದು ಮಾಡಿಸಿದ್ದು, ಎಲ್ಲ ಮಸುಕು. ದೊಡ್ಡವಳು ಬಗ್ಗಿ ನೋಡಿದಳು. ಅಪ್ಪನ ಮನೆಯ ಮುಂದಿನ ಕೋಣೆ. ಸೋಫಾದ ಪಕ್ಕ ಇಸ್ತ್ರಿ ಮೇಜು, ಗೋಡೆಯ ಮೇಲೆ ತೇವದ ಕಲೆ, ಕಿಟಕಿಯ ಮುಂದೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಪರಿಚಿತರಂತೆ ನಿಂತ ಇಬ್ಬರು. ಅವರಲ್ಲಿ ಎಡಗಡೆಯವಳು ತಾನು.

“ಹಸಿರು” ಎಂದಳು. ಬಾಯಿಯಿಂದ ಸರಿಯುತ್ತರ ತಾನಾಗಿ ಹೊರಟುಹೋಗಿತ್ತು. ಆಮೇಲೆ ಕೇಳಿದಳು, ಇದು ಯಾಕೆ ಎಂದು. ಅವನು ಅವಳ ಮುಖ ನೋಡಿದ, ಚಿತ್ರ ನೋಡಿದ, ಮತ್ತೆ ಅವಳ ಮುಖ ನೋಡಿ ನಾಲಗೆ ಕಚ್ಚಿಕೊಂಡ. ಅಕ್ಕನಿಗೆ ಗೊತ್ತಾಗಬಾರದು ಅಂದಿದ್ದರು, ನಾನು ನಿಮ್ಮನ್ನ ಹುಡುಗಿಯ ಚಿಕ್ಕಮ್ಮ ಅಂದುಕೊಂಡುಬಿಟ್ಟೆ, ದಯವಿಟ್ಟು ನಾನು ಹೇಳಿದೆ ಅನ್ನಬೇಡಿ, ಎಂದು ಗೋಗರೆದ. ಆಗ ತಿಳಿದದ್ದು ಇಷ್ಟು: ತಂಗಿಯ ಮದುವೆ ಮುಗಿಯುತ್ತಿದ್ದ ಹಾಗೇ ಆ ಬಿಳಿ ಬಟ್ಟೆ ಸರಿಯುತ್ತದೆ. ಒಳಗೆ ಆ ಕೋಣೆ ಇರುತ್ತದೆ. ಅಂದು ನೆಟ್ಟಗೆ ಆಗದ ಮದುವೆಯನ್ನು ಅಕ್ಕ ಭಾವ ಇಬ್ಬರೂ ಎಲ್ಲರ ಕಣ್ಣೆದುರಿಗೆ ಇನ್ನೊಂದು ಸಲ ಆಗಬೇಕು. ಇತ್ತೀಚೆಗೆ ಹೀಗೆ ಮಾಡಿಸುವವರು ಬಹಳ ಎಂದ ಅಲಂಕಾರದವನು. ಲಾಕ್‌ಡೌನಿನಲ್ಲಿ ಆದವರದೆಲ್ಲ ಬಾಕಿ ಉಳಿದಿದೆಯಲ್ಲ, ಮನೆಯವರಿಗೆ ಒಂದು ಸಮಾಧಾನ. ದೊಡ್ಡವಳ ಮನಸ್ಸು ಮಾತ್ರ ಚಿಕ್ಕಮ್ಮ ಎನ್ನುವ ಶಬ್ದಕ್ಕೆ ಜೋತುಬಿದ್ದಿತ್ತು. ತಂಗಿಗೂ ತನಗೂ ಐದೇ ವರ್ಷ. ಕನ್ನಡಿಗಾಗಿ ಸುತ್ತ ನೋಡಿದಳು. ಇದ್ದೊಂದು ಕನ್ನಡಿಯ ಮೇಲೆ ಬಂದವರಿಗೆ ಸ್ವಾಗತವೆಂದು ಬಿಳಿ ಬಣ್ಣದಲ್ಲಿ ಬರೆದಿದ್ದರು. ಅವಳ ಮುಖ ಆ ಅಕ್ಷರಗಳ ಸಂದಿಯಲ್ಲಿ ತುಂಡುತುಂಡಾಗಿ ಕಂಡಿತು.

ಆ ದಿನ ತಂಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಸೋಫಾದ ಮೇಲೆ ಹತ್ತಿ ನಿಂತಿದ್ದಳು. ಕೈ ನಡುಗಿ ನಡುಗಿ ಅರ್ಧ ವಿಡಿಯೋದಲ್ಲಿ ಬರೀ ಫ್ಯಾನು ತಿರುಗುತ್ತದೆ. ಬೀಗರ ಕಡೆಯವರು, ಅಪ್ಪನ ಅಣ್ಣತಮ್ಮಂದಿರು, ಅವಳ ಜೊತೆಯವರು ಎಲ್ಲ ಲ್ಯಾಪ್‌ಟಾಪಿನಲ್ಲಿ ಚೌಕಚೌಕವಾಗಿ ಕೂತಿದ್ದರು. ಸಹಿ ಹಾಕಿಸಿಕೊಳ್ಳಲು ಬಂದ ಅಧಿಕಾರಿ ಪೆನ್ನನ್ನು ಔಷಧಿ ನೀರಲ್ಲಿ ಒರೆಸಿ ಕೊಟ್ಟ. ಮಾವನೊಬ್ಬ ಚೌಕದೊಳಗೆ ಊಟ ಮಾಡುತ್ತ, ತನ್ನ ದನಿ ಎಲ್ಲರಿಗೂ ಕೇಳಿಸುತ್ತಿದೆ ಎಂಬುದನ್ನು ಮರೆತು, ಹುಡುಗ ಸ್ವಲ್ಪ ಪೆಚ್ಚು ಕಾಣ್ತಾನೆ ಎಂದಿದ್ದ. ಆಗ ಅವಳಿಗೆ ನಗು ಬಂದಿತ್ತು. ಮಾಸ್ಕಿನೊಳಗೆ ಅವನೂ ನಕ್ಕನೇನೋ, ಕಣ್ಣಿನ ಪಕ್ಕ ಗೆರೆ ಎದ್ದಿತ್ತು. ಆ ಗೆರೆ ನೋಡಿ, ಸರಿ, ಇವನ ಜೊತೆ ಬದುಕಬಹುದು ಅಂದುಕೊಂಡಿದ್ದಳು. ಅದು ಸುಳ್ಳೇನಲ್ಲ. ಬದುಕಲು ಬೇಕಾದ ಊರು, ಬೀದಿ, ನೆಂಟರ ಮನೆ, ಜಗಳವಾಡಿ ಬಾಗಿಲು ಹಾಕಿಕೊಂಡು ಹೊರಟುಹೋಗಲು ಒಂದು ಅಂಗಡಿ, ಯಾವುದೂ ಇರಲಿಲ್ಲ ಅಷ್ಟೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರಿಬ್ಬರೇ. ಅವನನ್ನು ನೀನು ಅನ್ನುವುದೋ ನೀವು ಅನ್ನುವುದೋ ಎಂದು ತೀರ್ಮಾನವಾಗಲಿಲ್ಲ. ನೀವು ಎಂದರೆ ದೂರದವನು, ನೀನು ಎಂದರೆ ಇಲ್ಲದ ಸಲಿಗೆ. ಹೀಗಾಗಿ ಅವಳು ಎರಡೂ ಬೇಡದ ಮಾತು ಕಲಿತಳು. ಊಟ ಆಯ್ತಾ. ಕರೆಂಟ್ ಬಿಲ್ಲು ಕಟ್ಟಾಯ್ತಾ. ಕೊಡೆ ತಗೊಂಡ್ರೆ ಒಳ್ಳೇದು. ಅವನೂ ಹಾಗೇ ಉತ್ತರ ಕೊಡತೊಡಗಿದ. ಅವನು ಲೆಕ್ಕದ ಮೇಷ್ಟ್ರು. ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಕಪ್ಪು ಚೌಕಗಳಿಗೆ ಪಾಠ ಹೇಳುತ್ತ, ಅರ್ಥ ಆಯ್ತೇನ್ರೋ, ಯಾರಾದ್ರೂ ಇದೀರೇನ್ರೋ ಎಂದು ದಿನಕ್ಕೆ ನೂರು ಸಲ ಕೇಳುತ್ತಿದ್ದ. ಗೋಡೆಯ ಈಚೆ ಅವಳು ಬಟ್ಟೆ ಮಡಚುತ್ತ, ಇದ್ದೀನಿ ಎನ್ನಬೇಕೆಂದುಕೊಳ್ಳುತ್ತಿದ್ದಳು, ಅನ್ನುತ್ತಿರಲಿಲ್ಲ.

ಪಿನ್ನಿನ ಡಬ್ಬಿ ಸಿಕ್ಕಿತು. ಮೆಟ್ಟಿಲು ಹತ್ತುವಾಗ ಇದನ್ನು ನಿಲ್ಲಿಸಬೇಕೆಂದು ನಿಶ್ಚಯಿಸಿದಳು. ನಿಲ್ಲಿಸುವುದೇನು ಮಹಾ ಕೆಲಸ? ಬೇಡ ಎಂದರೆ ಆಯಿತು. ಅವಳೂ ಗಂಡನೂ ಈ ಮದುವೆ ಮುಗಿದ ಮೇಲೆ ಬೇರೆ ಬೇರೆ ಇರುವುದೆಂದು ಮಾತಾಡಿಕೊಂಡಾಗಿತ್ತು. ಜಗಳವಿಲ್ಲ, ಕೂಗಾಟವಿಲ್ಲ. ಪಾಠಶಾಲೆಯ ಹಿಂದಿನ ಬೀದಿಯಲ್ಲಿ ಅವನು ಒಂದು ಮನೆ ನೋಡಿಟ್ಟಿದ್ದ, ಒಬ್ಬ ವಯಸ್ಸಾದ ಹೆಂಗಸಿನದು, ಬಣ್ಣ ಬಳಿಸಿ ಕೊಡುತ್ತೇನೆಂದಿದ್ದಳು. ಚಿಕ್ಕವಳ ಮದುವೆಗೆ ಕಪ್ಪುಚುಕ್ಕೆ ಬೇಡ, ಆಮೇಲೆ ಎಲ್ಲರಿಗೂ ಹೇಳೋಣ ಎಂದಿದ್ದು ಅವನೇ. ಹಾಗೆ ತೀರ್ಮಾನವಾದ ಮೇಲೆ ಇಬ್ಬರೂ ಎಷ್ಟೋ ಹಗುರಾಗಿದ್ದರು. ಒಂದು ದಿನ ಅವನು ಮಾಡಿದ ಸಾರು ತೀರಾ ಉಪ್ಪಾಗಿ, ಇನ್ನು ಒಂಟಿಯಾದಾಗ ಹೇಗೋ ಏನೋ ಎಂದು ಅವಳಂದು, ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

ಸಿಂಗಾರದ ಕೋಣೆಯಲ್ಲಿ ತಂಗಿ ಕಣ್ಣು ಮುಚ್ಚಿ ಕೂತಿದ್ದಳು, ರೆಪ್ಪೆಗೆ ಅಂಟು ಹಚ್ಚಿದ್ದರಿಂದ ತೆರೆಯುವಂತಿರಲಿಲ್ಲ. ಅಕ್ಕನ ಹೆಜ್ಜೆ ಸದ್ದು ಗುರುತಿಸಿ, ಇವತ್ತು ಊಟಕ್ಕೆ ಮುಂಚೆ ಎಲ್ಲಿಗೂ ಹೋಗಕೂಡದು, ಭಾವನನ್ನೂ ಬಿಡಕೂಡದು ಎಂದು ತಾಕೀತು ಮಾಡಿದಳು. ತುಟಿಯ ತುದಿಯಲ್ಲಿ ಗುಟ್ಟು ಕುಣಿಯುತ್ತಿತ್ತು. ಏಳು ವರ್ಷದವಳಿದ್ದಾಗ ಅಕ್ಕನ ಹುಟ್ಟುಹಬ್ಬಕ್ಕೆ ಪೆನ್ಸಿಲು ಕೊಂಡು ಬೆನ್ನ ಹಿಂದೆ ಇಟ್ಟುಕೊಂಡಾಗಲೂ ಹೀಗೇ ಕುಣಿದಿತ್ತು. ದೊಡ್ಡವಳು ಅವಳ ತಲೆ ಮುಟ್ಟಲು ಹೋಗಿ, ಕೂದಲು ಕೆಟ್ಟೀತೆಂದು ಸಿಂಗಾರದ ಹುಡುಗಿ ತಡೆದದ್ದರಿಂದ ಕೈ ಹಿಂದಕ್ಕೆ ಎಳೆದುಕೊಂಡಳು.

ಅಮ್ಮ ಪಕ್ಕದ ಚಿಕ್ಕ ಕೋಣೆಯಲ್ಲಿ ಉಡುಗೊರೆಯ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದಳು. ದೊಡ್ಡವಳು ಬಾಗಿಲು ಮುಂದೆ ಮಾಡಿ, ಕೆಳಗೆ ಮೂಲೆಯಲ್ಲಿರುವುದು ನನಗೆ ಗೊತ್ತಾಯಿತು, ಅದು ಬೇಡ ಎಂದಳು. ಅಮ್ಮ ಸಿಟ್ಟಾಗುತ್ತಾಳೆ, ಆಗ ತಾನೂ ಸಿಟ್ಟಾಗಬಹುದು, ಸಿಟ್ಟಿನಲ್ಲಿ ನಿಜ ಹೊರಗೆ ಬೀಳಬಹುದು ಎಂದು ಎಣಿಸಿದ್ದಳು. ಅಮ್ಮ ಸಿಟ್ಟಾಗಲಿಲ್ಲ. ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟಳು. ಪೆಟ್ಟಿಗೆ ಸ್ವಲ್ಪ ಕುಸಿಯಿತು.

“ನಿನ್ನನ್ನ ಮದುವೆ ಮಾಡಿ ಕಳಿಸಿದ ಹಾಗಿರಲಿಲ್ಲ ಕಣೇ. ಕೊರಿಯರ್ ಕೊಟ್ಟು ಕಳಿಸಿದ ಹಾಗಿತ್ತು. ಗೇಟಿನ ಹತ್ರ ನಿಂತು ಕೈ ಬೀಸಿದೆ. ಅಪ್ಪಿಕೊಳ್ಳೋಕೂ ಹೆದರಿದೆ, ಹೆತ್ತ ಮಗಳನ್ನ.”

“ಆಗ ಎಲ್ಲರೂ ಹೆದರಿದ್ದರಮ್ಮ.”

“ನೀನು ಮನೆಗೆ ಬಂದಾಗೆಲ್ಲ ನಿನ್ನ ಮುಖ ನೋಡ್ತೀನಿ. ಒಣಗಿದ ಮುಖ. ನೋಡಿದಾಗೆಲ್ಲ ನನ್ನದೇ ತಪ್ಪು ಅನ್ಸುತ್ತೆ. ಮೊದಲನೇ ದಿನವೇ ಹೆದರಿಕೊಂಡು, ಬಾಯಿ ಮುಚ್ಚಿಕೊಂಡು, ಸತ್ತವರ ಮನೇಲಿ ಮಾಡಿದ ಹಾಗೆ ಮಾಡಿಬಿಟ್ಟೆವಲ್ಲ. ಇದೊಂದು ಮಾಡಿದ್ರೆ ನಿನಗೂ ಸರಿಹೋಗುತ್ತೆ ಅಂತ.”

“ಅದಕ್ಕಲ್ಲಮ್ಮ.”

“ಮತ್ತೆ ಯಾತಕ್ಕೆ?”

ಅಮ್ಮ ಮುಖ ಎತ್ತಿ ಕೇಳಿದಳು. ಕೇಳಿದ ರೀತಿಯಲ್ಲಿ ಆಸೆಯಿತ್ತು. ಬೇರೆ ಏನಾದರೂ ಚಿಕ್ಕ ಕಾರಣವಿದ್ದರೆ, ಕೆಲಸದ ಆಯಾಸ, ರಕ್ತ ಕಡಿಮೆ, ಏನಾದರೂ, ಅದನ್ನೂ ಈಗಲೇ ಎದ್ದು ಸರಿಮಾಡಿಬಿಡುತ್ತೇನೆ ಎಂಬ ಆಸೆ. ಆಸ್ಪತ್ರೆಯಲ್ಲಿ ದೊಡ್ಡವಳ ಕೆಲಸ ಜನರ ಕಿವಿ ಪರೀಕ್ಷೆ ಮಾಡುವುದು. ಗಾಜಿನ ಗೂಡಿನೊಳಗೆ ಕೂರಿಸಿ, ಸದ್ದು ಕೇಳಿಸಿದರೆ ಗುಂಡಿ ಒತ್ತಿ ಎನ್ನುತ್ತಾಳೆ. ಕೆಲವರು ಸದ್ದೇ ಇಲ್ಲದಾಗಲೂ ಒತ್ತುತ್ತಾರೆ, ಮಕ್ಕಳ ಮುಂದೆ ಕಿವುಡರಾಗಲು ನಾಚಿಕೊಂಡು, ಅವಳ ಮುಖವನ್ನೇ ನೋಡುತ್ತ. ಹೇಳಬೇಕು, ಈಗ ಹೇಳಬೇಕು ಎಂದು ಅವಳು ಉಸಿರು ಎಳೆದುಕೊಂಡಳು. ಹೇಳುವುದೆಂದರೆ ಏನನ್ನು? ಅವನು ಒಳ್ಳೆಯವನು ಎಂದೇ? ಅವನಿಗೆ ಜ್ವರ ಬಂದು ಒಳಕೋಣೆ ಸೇರಿದಾಗ, ಬಾಗಿಲ ಹೊರಗೆ ಸ್ಟೂಲಿನ ಮೇಲೆ ಊಟದ ತಟ್ಟೆ ಇಟ್ಟು, ಎರಡು ಸಲ ತಟ್ಟಿ, ಈಚೆ ಬಂದು ಒಬ್ಬಳೇ ಕೂತು ಕಿಟಕಿಯಾಚೆ ನೋಡುತ್ತ ಉಂಡ ಆ ದಿನಗಳಷ್ಟು ಸುಖವನ್ನು ತಾನು ಮದುವೆಯಾದ ಮೇಲೆ ಕಂಡಿರಲಿಲ್ಲ ಎಂದೇ? ಅವನು ಸಾಯಲಿ ಎಂದು ಒಂದು ಗಳಿಗೆಯೂ ಅಂದುಕೊಂಡಿರಲಿಲ್ಲ. ರಾತ್ರಿ ಬಾಗಿಲಿಗೆ ಕಿವಿಯಿಟ್ಟು ಅವನ ಉಸಿರು ಸರಿಯಾಗಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದಳು. ಸರಿಯಾಗಿದೆ ಎಂದು ತಿಳಿದ ಮೇಲೆ, ಇನ್ನೂ ಸ್ವಲ್ಪ ದಿನ ಒಳಗೇ ಇರಲಿ ಎಂದುಕೊಳ್ಳುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಬಾಗಿಲು ತೆರೆದು, ಗಡ್ಡ ಬಿಟ್ಟುಕೊಂಡು, ಗೆದ್ದವನ ಹಾಗೆ ಅವನು ಹೊರಗೆ ಬಂದು ನಿಂತ. ಅವಳ ಮುಖ ಇಳಿದುಹೋಯಿತು. ಅದನ್ನು ಅವನು ನೋಡಿದ. ಅವನ ಮುಖವೂ ಹಾಗೇ ಇಳಿದದ್ದನ್ನು ಅವಳು ನೋಡಿದಳು. ಆ ಬೆಳಿಗ್ಗೆಯ ಮಾತನ್ನು ಇಬ್ಬರೂ ಎಂದೂ ಎತ್ತಲಿಲ್ಲ, ಬೇರೆ ಇರುವ ತೀರ್ಮಾನವಾದ ದಿನವೂ.

“ಏನಿಲ್ಲಮ್ಮ, ನಿದ್ದೆ ಸಾಲದು” ಎಂದಳು. ಯಾರೋ ಪಿನ್ನು ಎಂದು ಕೂಗಿದರು. ಅಮ್ಮ ಎದ್ದು, ಹೋಗುವಾಗ ಅವಳ ಕೆನ್ನೆ ಒರೆಸಿದಳು. ಅತ್ತದ್ದು ಅಮ್ಮ, ಒರೆಸಿದ್ದು ಇವಳ ಕೆನ್ನೆ.

ಗಂಡ ಕೆಳಗೆ ಹಾಲಿನ ಬಾಗಿಲ ಬಳಿ ಇದ್ದ. ಬಂದ ಮುದುಕರಿಗೆಲ್ಲ ಅವರವರ ಹೆಸರಿನ ಕುರ್ಚಿ ಹುಡುಕಿಕೊಡುವ ಕೆಲಸವನ್ನು ತಾನಾಗಿ ವಹಿಸಿಕೊಂಡಿದ್ದ. ಮೊದಲಿನ ಹಾಗೆ ಊರಿಗೆ ಊರೇ ಬರುವ ಮದುವೆಯಲ್ಲ ಇದು, ಕರೆದವರು ಎಣಿಸಿದಷ್ಟೇ ಜನ, ಆದರೂ ತನ್ನ ಹೆಸರು ಯಾವ ಕುರ್ಚಿಯ ಮೇಲಿದೆಯೋ ಇಲ್ಲವೋ ಎಂದು ಬಂದವರೆಲ್ಲ ಹೊಸ್ತಿಲಲ್ಲೇ ಅಳುಕುತ್ತಿದ್ದರು. ಅವನು ಒಬ್ಬೊಬ್ಬರ ಮೊಣಕೈ ಹಿಡಿದು ಕರೆದೊಯ್ದು ಕೂರಿಸುತ್ತಿದ್ದ. ಅಪ್ಪನನ್ನು ಕೂರಿಸುವಾಗ ಕಿವಿಯ ಹತ್ತಿರ ಬಾಯಿಟ್ಟು ಏನೋ ಅಂದ. ಅಪ್ಪ ಕೇಳಿಸದೆ ದೊಡ್ಡದಾಗಿ ನಕ್ಕ. ಮಗಳು ಕಿವಿ ಪರೀಕ್ಷಿಸುವವಳಾದರೂ ಅಪ್ಪ ಯಂತ್ರ ಹಾಕಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳುವಂಥದ್ದು ಯಾರೂ ಏನೂ ಹೇಳ್ತಿಲ್ಲ ಬಿಡು ಎನ್ನುತ್ತಿದ್ದ. ದೊಡ್ಡವಳು ಗಂಡನನ್ನು ಕಂಬದ ಮರೆಗೆ ಕರೆದು ವಿಷಯ ಹೇಳಿದಳು. ಅವನು ಒಣಗರಿಯೊಂದನ್ನು ಬೆರಳಿಂದ ಸವರುತ್ತ ಕೇಳಿಸಿಕೊಂಡ.

“ಬೇಡ ಅನ್ನೋಕಾಗಲ್ವಾ?”

“ಅನ್ನೋಕೇ ಹೋಗಿದ್ದು.”

“ಮತ್ತೆ?”

“ಅಮ್ಮ ಅತ್ತಳು.”

ಅವನು ತಲೆಯಾಡಿಸಿದ. ಲೆಕ್ಕ ತಪ್ಪಾದ ಹುಡುಗನನ್ನು ನೋಡುವ ಹಾಗೆ, ಸಿಟ್ಟಿಲ್ಲದೆ, ಎಲ್ಲಿ ತಪ್ಪಿತೆಂದು ಹುಡುಕುತ್ತ. “ಹತ್ತು ನಿಮಿಷದ ಮಾತು ತಾನೆ” ಎಂದ. ಹಾಗೆಂದು ಅಂಗಿಯ ಜೇಬಿಗೆ ಕೈ ಹಾಕಿ ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡ. ಅದು ಬೆರಳಿನಲ್ಲಿ ಇರಲಿಲ್ಲವೆಂಬುದನ್ನು ಅವಳು ಆಗಷ್ಟೇ ಗಮನಿಸಿದ್ದು. ಜೇಬಿನಲ್ಲಿ ಇತ್ತಲ್ಲ ಎಂಬುದನ್ನೂ.

ತಂಗಿಯ ಮದುವೆ ಚೆನ್ನಾಗಿ ಆಯಿತು. ವೇದಿಕೆ ಇರಲಿಲ್ಲ. ನೆಲದ ಮೇಲೆ ಹೂವಿನ ಒಂದು ದುಂಡು, ಅದರ ನಡುವೆ ಹುಡುಗ ಹುಡುಗಿ, ಸುತ್ತ ಎಲ್ಲರೂ. ಹುಡುಗ ಮಾತು ಕೊಡುವಾಗ ತೊದಲಿ ನಗಿಸಿದ. ದೊಡ್ಡವಳಿಗೆ ಅವರನ್ನು ನೋಡಿ ಹೊಟ್ಟೆಕಿಚ್ಚಾದೀತೆಂದು ಭಯವಿತ್ತು. ಆಗಲಿಲ್ಲ, ಅಳು ಬಂತು, ಅದು ಎಲ್ಲರಿಗೂ ಬಂದಿತ್ತು. ಆಮೇಲೆ ಮೈಕು ಹಿಡಿದ ಹುಡುಗಿಯೊಬ್ಬಳು ಎಲ್ಲರನ್ನೂ ಮೂಲೆಯ ಕಡೆ ತಿರುಗಿಸಿದಳು. ಬಿಳಿ ಬಟ್ಟೆ ಸರಿಯಿತು.

ಕೋಣೆ ಇತ್ತು. ಮೇಲಿನಿಂದ ತಂತಿಯಲ್ಲಿ ಕಟ್ಟಿ ಇಳಿಬಿಟ್ಟ ಕಿಟಕಿ, ಅದಕ್ಕೆ ಹಸಿರು ಪರದೆ. ಅದೇ ಥರದ ಸೋಫಾ. ಗೋಡೆಯ ತೇವದ ಕಲೆಯನ್ನೂ ಯಾರೋ ಬ್ರಷ್ಷಿನಿಂದ ಬರೆದಿದ್ದರು, ನಿಜವಾದದ್ದಕ್ಕಿಂತ ಅಂದವಾಗಿ. ಇಸ್ತ್ರಿ ಮೇಜಿನ ಮೇಲೆ ಹೂ. ಹಿಂದಿನ ದೊಡ್ಡ ವಿಡಿಯೋ ಪರದೆಯಲ್ಲಿ ಅಂದಿನ ಲ್ಯಾಪ್‌ಟಾಪಿನ ಚೌಕಗಳು ಒಂದೊಂದಾಗಿ ತೆರೆದುಕೊಂಡವು. ಊಟ ಮಾಡುತ್ತಿದ್ದ ಮಾವ ಬಾಯಿ ತುಂಬ ಅನ್ನವಿಟ್ಟುಕೊಂಡು ಕಾಣಿಸಿಕೊಂಡ. ಆ ಮಾವ ಅದಾದ ಮರುವರ್ಷವೇ ಉಸಿರು ಸಿಗದೆ ಹೋಗಿಬಿಟ್ಟಿದ್ದ, ಹೆಣವನ್ನು ಯಾರೂ ನೋಡಿರಲಿಲ್ಲ. ಅಪ್ಪ ಕುರ್ಚಿಯಿಂದ ಅರ್ಧ ಎದ್ದು ಪರದೆಯ ಕಡೆ ಕೈಯೆತ್ತಿ, ಊಟ ಮುಗಿಸಯ್ಯ ಮೊದಲು, ಎಂದ. ಕಿವುಡರ ದನಿ, ಎಲ್ಲರಿಗೂ ಕೇಳಿಸಿತು. ಕೆಲವರು ನಕ್ಕರು. ಮಾವನ ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ತಂಗಿ ಬಂದು ಅಕ್ಕನ ಕೈ ಹಿಡಿದು ಎಳೆದಳು. ಆಶ್ಚರ್ಯವಾದ ಮುಖ ಮಾಡಬೇಕಿತ್ತು, ದೊಡ್ಡವಳು ಮಾಡಿದಳು. ಹೇಗೆ ಬಂತೋ ತಿಳಿಯದು, ಯಾರೂ ಅನುಮಾನಪಡಲಿಲ್ಲ. ಫೋಟೋದವನು ಸರ್ ಸ್ವಲ್ಪ ಹತ್ತಿರ, ಮೇಡಂ ತಲೆ ಅವರ ಕಡೆ, ಎಂದು ಹೊಂದಿಸಿದ. ಗಂಡನ ಕೈ ಅವಳ ಭುಜಕ್ಕೆ ಬಂತು. ಭಾರ ಬಿಡದೆ, ಪುಸ್ತಕದ ಮೇಲೆ ಕೂತ ಚಿಟ್ಟೆಯನ್ನು ಓಡಿಸಬಾರದೆಂಬ ಹಾಗೆ ಇಟ್ಟಿದ್ದ. ಎಷ್ಟೋ ತಿಂಗಳಾಗಿತ್ತು ಆ ಕೈ ಅವಳ ಮೈಗೆ ತಾಗಿ. ಉಂಗುರ ಬದಲಾಯಿಸಿ ಎಂದರು. ಅವನದು ಸಲೀಸಾಗಿ ಬಂತು, ಅವಳದು ಬರಲಿಲ್ಲ. ಬೆರಳು ದಪ್ಪಗಾಗಿತ್ತು. ಸೋಪು ತರ್ತೀನಿ ಎಂದು ಒಬ್ಬರು, ಎಣ್ಣೆ ಎಂದು ಇನ್ನೊಬ್ಬರು, ಅಷ್ಟು ಗಟ್ಟಿ ಸಂಬಂಧ ಎಂದು ಮೈಕಿನ ಹುಡುಗಿ. ಎಲ್ಲರ ನಗುವಿನ ನಡುವೆ ಅವಳು ಬೆರಳನ್ನು ತಿರುಚುತ್ತಲೇ ಇದ್ದಳು, ಗೆಣ್ಣು ಕೆಂಪಾಗುವವರೆಗೆ. “ಬಿಡು, ನೋವಾಗುತ್ತೆ” ಎಂದ ಅವನು. ಬಿಡಿ ಅಲ್ಲ, ಬಿಡು ಎಂದಿದ್ದ. ಅವನು ಅವಳಿಗೆ ಹಾಗೆ ನೇರವಾಗಿ ಅಂದದ್ದು ಯಾವಾಗಲೋ, ಅಂದಿದ್ದನೋ ಇಲ್ಲವೋ.

ಎರಡು ಮಾತು ಆಡಬೇಕೆಂದು ಮೈಕು ಅವನ ಕೈಗೆ ಬಂತು. ನನಗೆ ಲೆಕ್ಕ ಬಿಟ್ಟು ಬೇರೆ ಬರಲ್ಲ ಎಂದು ಶುರುಮಾಡಿದ, ಜನ ನಕ್ಕರು. ಆಮೇಲೆ ಪಾಠದ ದನಿಯಲ್ಲಿ, ಎದುರಿಗೆ ಯಾರಿದ್ದಾರೋ ಇಲ್ಲವೋ ಎಂಬಂತೆ ಹೇಳಿದ: “ಮದುವೆಯಾದ ವರ್ಷ ನನಗೆ ಜ್ವರ ಬಂತು. ನಾನು ಬಾಗಿಲ ಒಳಗೆ, ಇವಳು ಹೊರಗೆ. ಒಂದು ಹೊತ್ತೂ ಊಟ ತಡ ಆಗಲಿಲ್ಲ. ಎರಡು ಸಲ ಬಾಗಿಲು ತಟ್ಟೋಳು. ಅಷ್ಟು ನೆಮ್ಮದಿಯಾಗಿ ನಾನು ಯಾವತ್ತೂ ಇರಲಿಲ್ಲ.” ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿಕೊಂಡರು, ಚಪ್ಪಾಳೆ ಬಿತ್ತು. ದೊಡ್ಡವಳು ಅವನ ಮುಖ ನೋಡಿದಳು. ವ್ಯಂಗ್ಯವಿರಲಿಲ್ಲ. ಅವನು ಇಡೀ ಹಾಲಿನ ಮುಂದೆ ನಿಜ ಹೇಳಿದ್ದ, ಅದನ್ನು ಎಲ್ಲರೂ ಪ್ರೀತಿ ಎಂದು ಕೇಳಿಸಿಕೊಂಡಿದ್ದರು. ಅದು ಪ್ರೀತಿಯಲ್ಲವೆಂದು ಸಾಧಿಸಿ ಹೇಳಲು ಅವಳಿಗೂ ಈಗ ಆಗುತ್ತಿರಲಿಲ್ಲ. ಮೈಕು ಅವಳ ಕಡೆ ಬಂತು. ಅಮ್ಮನಿಗೆ ಥ್ಯಾಂಕ್ಸ್ ಎಂದಳು. ದನಿ ಸ್ಪೀಕರಿನಲ್ಲಿ ಯಾರದೋ ಆಗಿ ಕೇಳಿಸಿತು.

ಅಮ್ಮ ತಡೆಯಲಾರದೆ ಓಡಿಬಂದು ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡಳು. ಮೂವರ ತಲೆಯೂ ತಾಗಿತು. ಅಮ್ಮನ ಮೈ ಮೊದಲು ನಡುಗುತ್ತಿತ್ತು, ಆಮೇಲೆ ನಡುಕ ಮೆಲ್ಲಗೆ ನಿಂತಿತು. ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಇಳಿಸಿದವರ ಉಸಿರು ದೊಡ್ಡವಳ ಕತ್ತಿಗೆ ಬಿಸಿಯಾಗಿ ತಾಗಿತು.

“ಇನ್ಮೇಲೆ ಎಲ್ಲ ಸರಿಹೋಗುತ್ತೆ, ಅಲ್ವಾ?” ಎಂದು ಅಮ್ಮ ಕೇಳಿದ್ದು ಅವಳನ್ನಲ್ಲ, ಅಳಿಯನನ್ನು.

ಅವನು ಅವಳತ್ತ ನೋಡಲಿಲ್ಲ. “ಹೋಗುತ್ತೆ ಅತ್ತೆ” ಎಂದ.

ಊಟವಾಯಿತು. ತಂಗಿ ಹೊರಟಳು, ಅಮ್ಮ ಈ ಸಲ ಮನಸಾರೆ ಅಪ್ಪಿ, ಅತ್ತು, ನಗುತ್ತ ಕಳಿಸಿದಳು. ಅಲಂಕಾರದವನು ಏಣಿ ಹತ್ತಿ ಕಿಟಕಿಯ ತಂತಿ ಬಿಚ್ಚುತ್ತಿದ್ದ. ಸಂಜೆಗೆ ಇನ್ನೊಂದು ಕಡೆ ಬೇಕಂತೆ. ದೊಡ್ಡವಳನ್ನು ಕಂಡು ಮೇಲಿನಿಂದಲೇ, ಹಸಿರೇ ಸರಿಯಾಗಿತ್ತು ಮೇಡಂ, ಎಂದ. ಅವರ ಚಿಕ್ಕ ಕಾರಿನ ಮೂತಿಗೂ ಅಮ್ಮ ಒಂದು ಹೂಗೊಂಚಲು ಕಟ್ಟಿಸಿದ್ದಳು. ಬಿಚ್ಚೋಣವೆಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಕೈ ಬೀಸುತ್ತ. ಅದನ್ನು ಕಟ್ಟಿಕೊಂಡೇ ಹೊರಟರು. ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನ ಜನ ಬಗ್ಗಿ ನೋಡಿದರು. ಒಬ್ಬಳು ಕೂಸಿನ ಕೈ ಹಿಡಿದು ಇವರತ್ತ ಬೀಸಿಸಿದಳು. ಅವನು ತಿರುಗಿ ಕೈ ಬೀಸಿದ.

ಪೆಟ್ರೋಲ್ ಬಂಕು ದಾಟಿ ರಸ್ತೆಯ ಬದಿಗೆ ಕಾರು ನಿಲ್ಲಿಸಿದ. ಎಂಜಿನ್ನು ಆರಿಸಿದ. ಎದುರಿನ ಗಾಜಿಗೆ ಗೊಂಚಲಿನ ಎಸಳುಗಳು ಉದುರಿ ಅಂಟಿಕೊಂಡಿದ್ದವು.

“ಆ ಮನೆಯಾಕೆಗೆ ಫೋನ್ ಮಾಡಬೇಕಿತ್ತು” ಎಂದ.

“ಏನಂತ?”

“ಸ್ವಲ್ಪ ತಡ ಆಗುತ್ತೆ ಅಂತ. ಅತ್ತೆ ಹಾಗೆ ಕೇಳಿದ ಮೇಲೆ...”

ಬೇಡ, ಮೊದಲು ಅಂದುಕೊಂಡ ಹಾಗೇ ಆಗಲಿ ಎಂದು ಅವಳು ಅಂದರೆ ಅವನು ಪಾರಾಗುತ್ತಿದ್ದ. ಬಹುಶಃ ಅಂದೇಬಿಡಲೆಂದು ಕಾಯುತ್ತಲೂ ಇದ್ದ, ಫೋನು ಕೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸದೆ. ಅವಳಿಗೆ ಅಮ್ಮನ ಮೈಯ ನಡುಕ ನಿಂತ ಗಳಿಗೆ ಬಿಟ್ಟು ಬೇರೇನೂ ತೋಚಲಿಲ್ಲ. ಎಷ್ಟು ತಡ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅವನಿಗೂ ಅದು ಗೊತ್ತಿರಲಿಕ್ಕಿಲ್ಲ. “ಹಾಗೇ ಮಾಡೋದು ಒಳ್ಳೇದು” ಎಂದಳು.

ಅವನು ನಂಬರು ಒತ್ತಿದ. ಮುದುಕಿಯ ದನಿ ಕಾರಿನ ಸ್ಪೀಕರಿನಲ್ಲಿ ಜೋರಾಗಿ ಬಂತು. ಬಣ್ಣ ಬಳಿಸಿ ಇಟ್ಟಿದೀನಲ್ಲಪ್ಪ, ಈಗ ಹೀಗಂದ್ರೆ ಹೇಗೆ, ಯಾಕೆ ತಡ?

“ಮನೇಲಿ ಮದುವೆ ಇತ್ತಮ್ಮ.”

“ಹೌದಾ? ಯಾರದು?”

ಲಾರಿಯೊಂದು ಪಕ್ಕದಲ್ಲಿ ಹಾದುಹೋಗಿ ಕಾರು ಸಣ್ಣಗೆ ಅಲುಗಿತು.

“ನಮ್ಮದೇ” ಎಂದ.

“ಅಯ್ಯೋ, ಮೊದಲೇ ಹೇಳಬಾರದಾ? ಒಳ್ಳೇದಾಗಲಿ” ಎಂದಳು ಮುದುಕಿ. ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. “ಹಾಗಾದ್ರೆ ನಿನ್ನ ಹೆಂಡತೀನೂ ಒಂದು ಸಲ ಕರ್ಕೊಂಡು ಬಂದು ತೋರಿಸಪ್ಪ. ಒಬ್ಬರಿಗೆ ಹೇಳಿ ಮಾಡಿಸಿದ ಮನೆ ಅದು. ಇಬ್ಬರಿಗೆ ಇಕ್ಕಟ್ಟಾಗುತ್ತೋ ಏನೋ.”

ಬಂದು ನೋಡ್ತೀವಿ ಎಂದು ಅವನು ಫೋನು ಇಟ್ಟ. ಅವಳು ಕಿಟಕಿಯ ಗಾಜು ಏರಿಸಿದಳು. ಅವನು ಕಾರು ಚಾಲೂ ಮಾಡಿ, ಹಿಂದಿನಿಂದ ಬರುವವರಿಗೆಲ್ಲ ದಾರಿ ಬಿಟ್ಟು, ರಸ್ತೆ ಖಾಲಿಯಾಗಲೆಂದು ಬಹಳ ಹೊತ್ತು ಕಾದ.